ಗೇಟ್ ಎತ್ತೂದಕ್ಕ ಮೊದಲು

…ಅಯ್ಯ, ಯಾಕ ನಗತೀರಿ? ಹೆಂಡತಿ ಗಂಡಗ ಚಾ ತಂದಿದ್ದೂ ತಪ್ಪೇನು? ಹೂಂ, ಗೊತ್ತೈತಿ, ಮದುವಿ ಆದಾಗಿಂದ ಈ ಕರೆಂಟಿನ ಮನಿಯೊಳಗ ಕಾಲಿಟ್ಟಾಕಿ ಅಲ್ಲ ನಾ. ಈ ಟರ್ಬೈನ್ ಸಪ್ಪಳಕ್ಕ ಎದಿ ನಡಗತೈತಿ. ಒದರಿದ್ರೂ ನಿಮಗ ಕೇಳ್ತೈತೋ ಇಲ್ಲೋ… ಕೇಳ್ತೈತಲ್ಲ? ಹಂಗಾರ ಕುಂದರ್ರಿ. ಕುಡೀರಿ ಮೊದ್ಲ.

ಮಳಿ ಏನ್ ಅಷ್ಟು ದೊಡ್ಡದಲ್ಲ ತಗೋರಿ. ಗುಡ್ಡದ ಮ್ಯಾಲ ಒಂದೀಟು ಮೋಡ ಒಡದೈತಿ, ಅಷ್ಟ. ಸಾಹೇಬ್ರು ಫೋನ್ ಮಾಡಿದ್ರು, ಡ್ಯಾಮ್ ತುಂಬೇತಿ, ಗೇಟ್ ಎತ್ತಬೇಕು… ಗೊತ್ತು. ಎತ್ತೂರಂತ. ಹೊತ್ತು ಮುಣಗೂತನಕ ತಡದ್ರ ಏನಾಕ್ಕೈತಿ? ಈ ಸಣ್ಣ ಹಳ್ಳದ ನೀರು ಎಷ್ಟಂತ ಬಂದೀತು?

ಯಾಕ ಹಂಗ ನೋಡ್ತೀರಿ? ಸೀರಿಗೇನಾಗೇತಿ? ಇದಾ… ಕುರಿ ಕೂದಲಾ. ಎಲ್ಲೋ ಬೇಲಿಗೆ ಹತ್ತಿದ್ದು. ಇಲ್ರಿ, ಹಳ್ಳಕ್ಕ ನಾ ಯಾಕ ಹೋಗ್ಲಿ…

ಹೋಗಿದ್ದೆ. ಮುಂಜಾನಿ. ನನ್ನ ತಮ್ಮ ಯಮನೂರ ಬಂದಾನ್ರಿ. ಡ್ಯಾಮಿನ ಕೆಳಗ, ಮಡುವಿನ್ಯಾಗ, ಕುರಿ ತೊಳ್ಯಾಕ ಹತ್ತ್ಯಾನ. ನಾಳಿ ಹಿಟ್ನಾಳದಿಂದ ಕೂದಲ ಕತ್ತರಸವರು ಬರ್ತಾರ. ತೊಳೀಲಾರದ ಕುರಿಗೆ ಅವರು ಕತ್ರಿ ಹಚ್ಚಂಗಿಲ್ಲ. ನಡಮಟ ನೀರಾಗ ನಿಂತು ಒಂದೊಂದ ಕುರಿ ತಿಕ್ಕಬೇಕು, ತಡಾ ಆಕ್ಕೈತಲ್ಲ… ಕಪ್ ಯಾಕ ಕೆಳಗಿಟ್ರಿ?

ಅದನ್ಯಾಕ ತೋರಸ್ತೀರಿ? ಗೇಟ್ ಎತ್ತೂ ಮೊದ್ಲ ಒತ್ತೂ ಸೈರನ್ ಬಟನ್ ನನಗ ಗೊತ್ತಿಲ್ಲೇನು! ಒತ್ತಿದ್ರ ಇಲ್ಲಿ ಕೆಂಪು ಲೈಟ್ ಹತ್ತತೈತಿ, ನೀವ ಹೇಳಿದ್ದು. ಆದ್ರ ಸೈರನ್ ಇರೂದು ಅಲ್ಲಿ, ಹಳ್ಳದ ದಂಡಿ ಕಂಬದ ಮ್ಯಾಲ. ಅದು ಕೂಗಿತೋ ಬಿಟ್ಟಿತೋ, ಈ ಸಪ್ಪಳದಾಗ ನಿಮಗೇನ್ ಕೇಳ್ತೈತಿ?

ಹೋದ ವರ್ಷ ನೆನಪೈತಿಲ್ಲ? ಅದು ಕೂಗಿದ್ದಕ್ಕ ಕುರಿ ಬೆದರಿ, ಒಂದರ ಮ್ಯಾಲೊಂದು ಬಿದ್ದು, ಗಬ್ಬದ ಕುರಿ ಎಲ್ಲಾ ದಿನಾ ತುಂಬೂ ಮೊದ್ಲ ಕಂದ ಹಾಕಿದ್ವು. ಹೆಂಗ ಅತ್ತಿದ್ದ ಯಮನೂರ! 'ದುರಗಕ್ಕಾ, ತೊಳ್ಯೂತನಕ ಅದರ ಬಾಯಿ ಮುಚ್ಚಸು. ಮಾಮಾಗ ಹೇಳಬ್ಯಾಡ, ಒಪ್ಪಂಗಿಲ್ಲ' ಅಂದ. ಮುಂಜಾನಿ ಆಕಾಶ ತೊಳದಿಟ್ಟ ತಾಟಿನಂಗ ಇತ್ರಿ! ಮಳಿ ಬರ್ತೈತಂತ ಯಾರಿಗೆ ಗೊತ್ತು…

ಮಾತಾಡ್ರಿ. ಬೈರಿ. ಹೊಡೀರಿ ಬೇಕಾರ. ಯಾಕ ಆ ಬಟನ್ನ ನೋಡಕೋತ ಕುಂತೀರಿ?

ತಗೋರಿ. ಉಡಿಯಾಗ ಇಟಗೊಂಡಿದ್ದೆ. ಸೈರನ್ನಿನ ಫ್ಯೂಸು, ಮುಂಜಾನಿ ಆ ಕಂಬದಾಗಿಂದ ನಾನ ಕಿತ್ತಿದ್ದು. ಓಡಿ ಹೋಗಿ ಹಾಕ್ರಿ, ಅವ ದಂಡಿಗೆ ಬರ್ಲಿ, ಆಮ್ಯಾಲ ಗೇಟ್ ಎತ್ತ್ರಿ. ಹಿಡೀರಿ! ಕೈ ಚಾಚ್ರಿ!

ನಿಮ್ಮ ಕೈಗೆ… ಇದೇನ್ರಿ ಕರೀದು? ಗ್ರೀಸು. ಗೇಟಿನ ಚಕ್ರದ ಗ್ರೀಸು…

ಇಲ್ಲ. ಇಲ್ರಿ. ನಾ ಬರೂಕ್ಕಿಂತ ಮೊದ್ಲ ಎತ್ತಿಬಿಟ್ರಾ? ಬಟನ್ ಒತ್ತಿ, ಕೆಂಪು ಲೈಟ್ ಹತ್ತಿದ್ದು ನೋಡಿ, ಕೂಗೇತಿ ಅಂದ್ಕೊಂಡು…

ಮತ್ತ ನಾ ನಿಮ್ಮನ್ನ ಕುಂದರಸಿ ಚಾ ಕುಡಸಾಕ ಹತ್ತಿದ್ನಲ್ರಿ! ಏಳ್ರಿ, ಇಳಸ್ರಿ ಗೇಟು, ಡ್ಯಾಮಿನ ಕಟ್ಟಿ ಒಡದ್ರ ಒಡೀಲಿ… ಭಾಳ ಹೊತ್ತೇನ್ ಆಗಿಲ್ಲ. ಈ ಕಪ್ ಮುಟ್ಟಿ ನೋಡ್ರಿ, ಚಾ ಇನ್ನೂ ಬಿಸಿ ಐತಿ. ಬಿಸಿ ಐತಲ್ರಿ?

ರೀ… ಬಿಸಿ ಐತಿ ಅನ್ರಿ.