ಮೀನಿನ ಬಾಯಿ ನೋಡಿ ಬಡಿಸಿದವರು

ನೋಡಿ ತಾಯಂದಿರೇ, ಪ್ರೀತಿ ಒಂದಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಾವು ತಿಳಿದಿದ್ದೇವೆ. ಹೋಗುತ್ತದೆಯೇ? ಹುಬ್ಬಳ್ಳಿ ಕಡೆಯ ಒಂದೂರಿನ ಶ್ರೀಮಂತರ ಕಥೆ ಹೇಳುತ್ತೇನೆ, ಕೇಳಿ.

ಹೆಸರು ಅಡಿವೆಪ್ಪ. ನೂಲಿನ ವ್ಯಾಪಾರಿ. ಬಹಳ ದೊಡ್ಡ ಕೈ. ಅವರ ಮನೆಯಲ್ಲಿ ಊಟಕ್ಕೆ ಕುಳಿತವರು ಎಲೆಗೆ ಅಂಗೈ ಅಡ್ಡ ಹಿಡಿದರೆ, ಬೆರಳ ಸಂದಿಯಿಂದಲೇ ಬಡಿಸುವವರು! ನಗಬೇಡಿ, ನಿಮ್ಮ ಮನೆಯಲ್ಲೂ ಅಂಥವರಿದ್ದಾರೆ. ಅವರಿಗೆ ಹೃದಯದ ಆಪರೇಷನ್ ಆಯಿತು. ಅಂಗಡಿಗೆ ಹೋಗುವಂತಿಲ್ಲ, ಓಡಾಡುವಂತಿಲ್ಲ. ಅಪ್ಪನಿಗೆ ಹೊತ್ತು ಹೋಗಲೆಂದು ಮಗಳು ಗಾಜಿನ ತೊಟ್ಟಿಯೊಂದನ್ನು ತಂದಿಟ್ಟು, ಅದರಲ್ಲಿ ಮೀನು ಬಿಟ್ಟು ಹೋದಳು. ಎಷ್ಟು ದೊಡ್ಡ ಮೀನು? ಕಿರುಬೆರಳಿನ ಉಗುರಿನಷ್ಟು! ಮೈಮೇಲೊಂದು ನೀಲಿ ಗೆರೆ. ಅವು ಹೊರಳಿದಾಗಲೆಲ್ಲ ಅದು ಮಿಂಚುತ್ತಿತ್ತು. ಅಡಿವೆಪ್ಪನವರಿಗೆ ಮಕ್ಕಳಂತೆ ಖುಷಿ.

ಮಗಳು ಮೀನಿಗೆಂದು ಸಣ್ಣ ಪುಡಿಯ ಡಬ್ಬಿ ಕೊಟ್ಟಿದ್ದಳು. ಅದನ್ನು ನೋಡಿ ಇವರಿಗೆ ಸಿಟ್ಟು ಬಂತು. "ಇದೇನ ಧೂಳ! ನಮ್ಮನಿ ಮೀನಿಗಿ ಇದನ್ನ ಹಾಕೂದೇನ?" ಎಂದು ಹಿತ್ತಲಿಗೆ ಎಸೆದರು. ಪೇಟೆಯಲ್ಲಿ ಸಿಗುವ ಎಲ್ಲಕ್ಕಿಂತ ತುಟ್ಟಿಯಾದ, ಎಲ್ಲಕ್ಕಿಂತ ದಪ್ಪವಾದ ಮೀನಿನ ಕಾಳು ತರಿಸಿ ಮುಷ್ಟಿ ಮುಷ್ಟಿ ಸುರಿದರು. ಸುರಿದು ಏನು ಮಾಡಿದರು? ಬೆನ್ನು ತಿರುಗಿಸಿ ಪೇಪರು ಓದಲು ಕುಳಿತರು.

ಕಾಳು ತಳದಲ್ಲಿ ಕೊಳೆಯಿತು. ನೀರು ಕದಡಿತು. ಮೀನುಗಳು ಬಡಕಲಾದವು. ಒಂದು ಬೆಳಿಗ್ಗೆ ಒಂದು ಮೀನು ಸತ್ತು ತೇಲುತ್ತಿತ್ತು. ಅಡಿವೆಪ್ಪನವರು ಅವತ್ತು ಬೆಳಗಿನ ತಿಂಡಿ ಬಿಟ್ಟರು. "ಇಷ್ಟ ಹಾಕೀನಿ, ಯಾಕ ತಿನ್ನವಲ್ಲವು? ನಾ ಹಾಕಿದ್ದು ಸೇರೂದಿಲ್ಲೇನ ಇವಕ್ಕ?" ಎಂದು ಕಣ್ಣೊರೆಸಿಕೊಂಡು, ನಾಲ್ಕು ಕಾಳು ಹಾಕಿ, ಮೊದಲ ಸಲ ತೊಟ್ಟಿಯ ಮುಂದೆಯೇ ಕುಳಿತರು. ನೋಡಿದರು.

ಏನು ಕಂಡಿತು? ಮೀನು ಓಡಿ ಬಂತು. ಕಾಳಿಗೆ ಬಾಯಿ ಹಾಕಿತು. ಬಿಟ್ಟಿತು. ಇನ್ನೊಂದು ಬಂತು, ಬಾಯಿ ಹಾಕಿತು, ಬಿಟ್ಟಿತು.

"ಗಿರಿಜಾ! ಲಗೂನ ಬಾ ಇಲ್ಲಿ!" ಅಡುಗೆಮನೆಯಿಂದ ಹೆಂಡತಿ ಗಾಬರಿಯಾಗಿ ಓಡಿಬಂದರು. ಇವರು ತೊಟ್ಟಿ ತೋರಿಸಿದರು: "ಇವಕ್ಕ ಹಸಿವು ಐತಿ! ಬಾಯಾಗ ಹಿಡಿಯಂಗಿಲ್ಲ, ಅಷ್ಟ! ಕುಟ್ಟಾಣಿ ತಾ, ಕುಟ್ಟೂಣು."

"ಕುಟ್ಟಾಣ್ಯಾಗ ಬ್ಯಾಡ್ರೀ, ಬಳ್ಳೊಳ್ಳಿ ವಾಸನಿ ಹತ್ತತೈತಿ," ಎಂದರು ಗಿರಿಜಮ್ಮ.

ಇಬ್ಬರೂ ಕುಳಿತು ಬೆರಳಲ್ಲೇ ಹೊಸಕಿ ಹೊಸಕಿ, ಕಾಳನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿದರು. ತೊಟ್ಟಿಯ ನೀರು ಸ್ವಲ್ಪ ತೆಗೆದು ಹೊಸ ನೀರು ಬಿಟ್ಟರು. ಚಿಟಿಕೆ ಪುಡಿ ಉದುರಿಸಿದರು. ಅಬ್ಬಾ! ಮೀನುಗಳು ಮುಗಿಬಿದ್ದವು. "ತಿಂದ್ವು ತಿಂದ್ವು!" ಎಂದು ಅಡಿವೆಪ್ಪನವರು ಚಪ್ಪಾಳೆ ತಟ್ಟಿ ನಕ್ಕರು. ಡಾಕ್ಟರು ಜೋರಾಗಿ ನಗಬಾರದು ಎಂದದ್ದೂ ಮರೆತುಹೋಯಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕುಳಿತಾಗ, ಹೆಂಡತಿಯ ತಟ್ಟೆಗೆ ಎಂದಿನಂತೆ ಹೋಳಿಗೆ ಹಾಕಲು ಹೋದವರು ಕೈ ತಡೆದು ಕೇಳಿದರು: "ಗಿರಿಜಾ, ನಿನಗ ಏನ್ ಬೇಕು?"

ಆಕೆ ತಟ್ಟೆಯನ್ನು ಮುಂದೆ ಚಾಚಿದರು. "ಲಗ್ನ ಆದಾಗಿಂದ ಇವತ್ತ ಕೇಳಿದ್ರಿ ನೋಡ್ರಿ. ನನಗ ಹೋಳಿಗಿ ಸೇರಂಗಿಲ್ಲ. ಮಜ್ಜಿಗಿ ಅನ್ನ ಹಾಕ್ರಿ," ಎಂದು ನಗತೊಡಗಿದರು. ಅವರೂ ನಕ್ಕರು. ನಗುತ್ತಲೇ ತಮ್ಮ ಕೈಯಾರೆ ಮಜ್ಜಿಗೆ ಅನ್ನ ಕಲಸಿ ಕೊಟ್ಟರು.

ಈಗ ನಿಮ್ಮನ್ನು ಕೇಳುತ್ತೇನೆ. ನೀವು ಬಡಿಸುವುದು ಯಾರ ಅಳತೆಗೆ? ನಿಮ್ಮ ಕೈಯ ಅಳತೆಗೋ, ಉಣ್ಣುವವರ ಬಾಯಿಯ ಅಳತೆಗೋ? ಹಲ್ಲಿಲ್ಲದ ಅತ್ತೆಗೆ ಖಡಕ್ ರೊಟ್ಟಿ ಕೊಟ್ಟು, ತಿನ್ನಲಿಲ್ಲ ಎಂದು ಮುನಿಸಿಕೊಂಡವರು ಇಲ್ಲಿ ಎಷ್ಟು ಜನ? ಅಳುವ ಮಗುವಿನ ಮುಂದೆ ಒಂದು ತಾಸು ಬುದ್ಧಿ ಹೇಳಿದವರು ಎಷ್ಟು ಜನ? ಅದೂ ಕಾಳೇ. ಅದೂ ನುಂಗಲು ಬರುವುದಿಲ್ಲ.

ಇವತ್ತು ಮನೆಗೆ ಹೋಗಿ ಬಡಿಸುವ ಮೊದಲು ಕೇಳಿ. ಬಡಿಸಿದ ಮೇಲೆ ಎದ್ದು ಹೋಗಬೇಡಿ, ಪಕ್ಕದಲ್ಲಿ ಕುಳಿತು ನೋಡಿ. ಮಾತೂ ಅಷ್ಟೇ, ಅವರು ನುಂಗುವಷ್ಟು ಸಣ್ಣದು ಮಾಡಿ ಆಡಿ. ತಿಂದವರ ಮುಖ ಅರಳುತ್ತದಲ್ಲ, ಅದನ್ನು ನೋಡಿದರೆ ನಿಮ್ಮ ಹೊಟ್ಟೆಯೂ ತುಂಬುತ್ತದೆ.