ದೋಣಿಯಲ್ಲಿ ಮಲಗಿದ್ದ ಕತ್ತೆ

ಅಧ್ಯಕ್ಷತೆ ವಹಿಸಿರುವ ನಿರ್ದೇಶಕ ಲುತ್ಫಿ ಸಾಹೇಬರೇ, ಮುಖ್ಯ ಅತಿಥಿಗಳಾದ ಫಾದರ್ ಬಖೂಮ್ ಅವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಬಿಶಾರಾ ಕಾಕಾ, ಅವರ ಮನೆಯವರೇ, ಸಭಿಕರೇ,

ನನ್ನ ಚೀಲದಲ್ಲಿ ಈ ಭಾಷಣದ ಎರಡು ಪ್ರತಿಗಳಿವೆ. ಒಂದರಲ್ಲಿ ಕಾಕಾನ ಶಿಸ್ತು ಇದೆ, ಪುದೀನಾ ಚಹಾ ಇದೆ, ಮೂವತ್ತೆಂಟು ವರ್ಷಗಳ ಸೇವೆ ಇದೆ. ಕತ್ತೆ ಇಲ್ಲ. ಐದು ನಿಮಿಷದ ಹಿಂದಿನವರೆಗೂ ಅದನ್ನೇ ಓದುವವಳಿದ್ದೆ. ಆದರೆ ಕಾಕಾ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಗಲಾಬಿಯಾ ನಿಲುವಂಗಿ ತೊಟ್ಟು ಕೂತಿದ್ದಾರೆ. ಆದ್ದರಿಂದ ಎರಡನೆಯದನ್ನು ಓದುತ್ತೇನೆ.

ಕಾಕಾನ ಮೊಮ್ಮಕ್ಕಳಿಗಾಗಿ ಸ್ವಲ್ಪ ಹೇಳಬೇಕು. ಸಾವಿರದ ಏಳುನೂರು ವರ್ಷಗಳ ಹಿಂದೆ ಪಪೈರಸ್ ಹಾಳೆಯನ್ನು ಯಾರೂ ಸುಮ್ಮನೆ ಎಸೆಯುತ್ತಿರಲಿಲ್ಲ. ಜೊಂಡಿನ ಎಳೆಗಳನ್ನು ಒಂದು ಮುಖಕ್ಕೆ ಅಡ್ಡ, ಇನ್ನೊಂದು ಮುಖಕ್ಕೆ ಉದ್ದ ಜೋಡಿಸಿ ಮಾಡುತ್ತಿದ್ದ ಹಾಳೆ ಅದು. ನಮ್ಮ ಹಸ್ತಪ್ರತಿ ಭಂಡಾರದ ಹೆಸರುವಾಸಿ ಹಾಳೆಯ ಮೇಲೆ ಮೊದಲು ತಾಪ್ಸೋಯಿಸ್ ಎಂಬ ಹೆಂಗಸು ಗ್ರೀಕಿನಲ್ಲಿ ಒಂದು ದೂರು ಬರೆಸಿದ್ದಳು. ಅದು ರದ್ದಿಯಾದ ಮೇಲೆ ಯಾರೋ ಒಬ್ಬ ಬಡ ಕ್ರೈಸ್ತ ಹಾಳೆಯನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ ಯೇಸುವಿನ ಸುವಾರ್ತೆಯನ್ನು ನಕಲು ಮಾಡಿಕೊಂಡ. ಒಂದು ಕಡೆ ಜಗಳ, ಇನ್ನೊಂದು ಕಡೆ ದೇವರ ಮಾತು. ನಾನು ಯಾವ ಕಡೆ ಓದಿದೆ ಎಂದು ಬೇರೆ ಹೇಳಬೇಕೇ?

ಸುವಾರ್ತೆಯ ಕಡೆ, ಬಿರುಗಾಳಿಯ ನಡುವೆ ಯೇಸು ದೋಣಿಯಲ್ಲಿ ಯಾವುದರ ಮೇಲೆ ತಲೆಯಿಟ್ಟು ಮಲಗಿದ್ದ ಎಂದು ಹೇಳುವ ಜಾಗದಲ್ಲಿ ಒಂದು ತೂತಿತ್ತು. ಬೇರೆಲ್ಲ ಪ್ರತಿಗಳಲ್ಲಿ ಅಲ್ಲಿರುವುದು ದಿಂಬು. ನಮ್ಮ ಪೆಟ್ಟಿಗೆಯಲ್ಲಿ ಅಂಚೆಚೀಟಿಯಷ್ಟು ಚೂರೊಂದು ಸಿಕ್ಕಿತು. ತೂತಿಗೆ ಸರಿಯಾಗಿ ಕೂತಿತು. ಅದರ ಮೇಲೆ ‘ಕತ್ತೆ’ ಎಂದಿತ್ತು. ಚೂರಿನ ಇನ್ನೊಂದು ಮುಖಕ್ಕೆ ಮಣ್ಣು ಮೆತ್ತಿತ್ತು, ನನಗೆ ಅವಸರವಿತ್ತು.

ಸಭಿಕರೇ, ದೋಣಿಯಲ್ಲಿ ಕತ್ತೆ ಏಕೆ ಎಂದು ನಾನು ಸಂಶೋಧನಾ ಪತ್ರಿಕೆಯೊಂದಕ್ಕೆ ನಲವತ್ತು ಪುಟ ಬರೆದೆ. ಅದನ್ನು ಮೆಚ್ಚಿ ಇಬ್ಬರು ಬರೆದರು, ಅವರನ್ನು ಖಂಡಿಸಿ ಮೂವರು ಬರೆದರು. ಫಾದರ್ ಬಖೂಮ್ ಅವರು ಪ್ರತಿವರ್ಷ ಕತ್ತೆಯ ವಿನಯದ ಬಗ್ಗೆ ಪ್ರವಚನ ಕೊಡುತ್ತಾ ಬಂದಿದ್ದಾರೆ. ಪ್ರವಚನ ಚೆನ್ನಾಗಿಯೇ ಇತ್ತು, ಫಾದರ್. ಕ್ಷಮಿಸಿ.

ಚೂರನ್ನು ಅಂಟಿಸುವ ದಿನವೇ ಕಾಕಾ ಅದನ್ನು ಬೆಳಕಿಗೆ ಹಿಡಿದು ಹೇಳಿದ್ದರು:

“ಡಾಕ್ಟರಾ, ಇದು ಹೊಟ್ಟೆ ಅಡಿಯಾಗಿ ಮಲಗಿದೆ. ಈ ಕಡೆ ಎಳೆ ಎಲ್ಲಾ ಉದ್ದುದ್ದ ಇವೆ, ಇದೊಂದು ಮಾತ್ರ ಅಡ್ಡ.”

“ಕಾಕಾ, ನೀವು ಅಂಟು ನೋಡ್ಕೊಳ್ಳಿ. ಗ್ರೀಕ್ ನಾನು ನೋಡ್ಕೋತೀನಿ.”

“ಆಯ್ತಮ್ಮಾ. ಕತ್ತೆಗೂ ನಿದ್ದೆ ಬೇಕಲ್ವಾ.”

ಹೀಗೆ ಮಾತಾಡುವುದನ್ನು ನನಗೆ ಯಾರು ಕಲಿಸಿದರು? ಸನ್ಯಾಸಿನಿಯರ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಕಾಕಾನಂತೆ ಓದಲು ಬಾರದವರಿಗೆ ಏನೂ ಗೊತ್ತಿರುವುದಿಲ್ಲ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ನಾನು ಅದನ್ನು ಚೆನ್ನಾಗಿ ಕಲಿತು ಬಂದೆ.

ಎರಡು ಗಾಜುಗಳ ನಡುವೆ ಹಾಳೆಯನ್ನಿಟ್ಟು, ಸುವಾರ್ತೆ ಮುಂದಾಗಿ, ದೂರು ಗೋಡೆಯ ಕಡೆಗಾಗಿ ತೂಗುಹಾಕಿದೆವು. ಪ್ರತಿವರ್ಷ ಗಾಜು ಒರೆಸುವಾಗ ಕಾಕಾ, “ಇನ್ನೂ ಎದ್ದಿಲ್ಲ ಅದು” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಹನ್ನೊಂದು ವರ್ಷ ನಕ್ಕೆ.

ಕಳೆದ ತಿಂಗಳು ಕಾಕಾ ಗಾಜಿನ ಅಂಚುಪಟ್ಟಿ ಬದಲಾಯಿಸಲು ಅದನ್ನು ಇಳಿಸಿದರು. ಬೆನ್ನು ಮೇಲಾಗಿ ನನ್ನ ಮೇಜಿನ ಮೇಲಿಟ್ಟರು.

“ನಾನು ಚಹಾ ಕುಡಿದು ಬರ್ತೀನಿ. ಅಷ್ಟರಲ್ಲಿ ಈ ಕಡೆ ಒಂದ್ಸಲ ಓದಿ ಡಾಕ್ಟರಾ. ಪಾಪ, ಯಾರೋ ಏನೋ ಹೇಳ್ತಿದಾರೆ, ಕೇಳೋರೇ ಇಲ್ಲ.”

ಓದಿದೆ. ಅಧಿಕಾರಿಗಳಿಗೆ ತಾಪ್ಸೋಯಿಸ್ ಹೀಗೆ ದೂರಿದ್ದಳು: ನೆರೆಮನೆಯವನ ದಿಂಬು ನನ್ನ ಹೊಲಕ್ಕೆ ನುಗ್ಗಿ ಫೂಲ್ ಕಾಳಿನ ಗಿಡಗಳನ್ನೆಲ್ಲ ತಿಂದುಹಾಕಿದೆ.

ಮಣ್ಣನ್ನು ಕಾಕಾ ಎಂದೋ ತೊಳೆದಿದ್ದರು. ನೋಡುವವಳು ನಾನೊಬ್ಬಳೇ ಬಾಕಿಯಿದ್ದೆ.

ಚೂರು ಬಿಡಿಸಲು ಕೂತೆ. ಒದ್ದೆ ಕುಂಚ ತಾಗಿದ್ದೇ ತಡ, ಅದು ಎದ್ದು ಬಂತು. ಉಳಿದೆಲ್ಲ ಚೂರುಗಳಿಗೆ ಕಾಕಾ ನಾಲ್ಕು ಮೂಲೆಗೂ ಅಂಟು ಹಚ್ಚಿದ್ದಾರೆ. ಇದಕ್ಕೆ ಮಾತ್ರ ಒಂದೇ ಚುಕ್ಕೆ.

“ಯಾಕೆ ಕಾಕಾ?” ಎಂದು ಕೇಳಿದೆ.

“ಒಂದಲ್ಲ ಒಂದಿನ ನೀವೇ ಬಿಡಿಸ್ತೀರಿ ಅಂತ ಗೊತ್ತಿತ್ತು. ಆಗ ಹರಿದುಹೋಗಬಾರದಲ್ಲ.”

ಚೂರನ್ನು ಮಗುಚಿದೆವು. ಯೇಸುವಿಗೆ ದಿಂಬು ಸಿಕ್ಕಿತು. ತಾಪ್ಸೋಯಿಸಳಿಗೆ ಅವಳ ಆರೋಪಿ ಸಿಕ್ಕಿದ.

ಇನ್ನು ನನ್ನ ಮಾತು. ಈ ಭಂಡಾರದ ಮುಖ್ಯಸ್ಥೆಯ ಹುದ್ದೆಗೆ ನನ್ನ ಹೆಸರು ಹೋಗಿದೆ. ಹೋದದ್ದು ಆ ಕತ್ತೆಯ ಬೆನ್ನ ಮೇಲೆಯೇ ಎಂಬುದು ಲುತ್ಫಿ ಸಾಹೇಬರಿಗೂ ಗೊತ್ತು. ಪತ್ರಿಕೆಗೆ ತಿದ್ದುಪಡಿಯ ಪತ್ರ ಬರೆದಿದ್ದೇನೆ. ತಪ್ಪನ್ನು ಕಂಡವರು ಬಿಶಾರಾ ಎಂದು ಮೊದಲ ಸಾಲಿನಲ್ಲೇ ಇದೆ. ಆದರೆ ಅಂಚೆಗೆ ಹಾಕುವ ದಿನ ಎಂದು ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದು ಏಪ್ರಿಲ್ ಹದಿನೈದು. ಆಯ್ಕೆ ಸಮಿತಿ ಸೇರುವುದು ಏಪ್ರಿಲ್ ಹತ್ತಕ್ಕೆ. ನಾನು ಎಷ್ಟು ಚುಕ್ಕೆ ಅಂಟು ಹಚ್ಚಿಕೊಂಡಿದ್ದೆ ನೋಡಿ.

ಕಾಕಾ, ನಿಮಗೆ ಕೊಡಲು ಹಾರ ತಂದಿದ್ದೇವೆ, ಶಾಲು ತಂದಿದ್ದೇವೆ. ಅವೆಲ್ಲ ಭಂಡಾರದ್ದು. ನನ್ನ ಕಡೆಯಿಂದ ಈ ರಬ್ಬರು. ಪೆನ್ಸಿಲಿನ ಗುರುತನ್ನು ನಿಮ್ಮ ಕೈಯಾರೆ ಅಳಿಸಿಕೊಡಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ತಾಪ್ಸೋಯಿಸಳಿಗೂ. ನಮಸ್ಕಾರ.

ಪತ್ರ ಅಂಚೆಗೆ ಬೀಳುವುದು ನಾಳೆ ಬೆಳಿಗ್ಗೆ, ಮಾರ್ಚ್ ಒಂಬತ್ತಕ್ಕೆ.