ಎರಡೂ ಕಡೀಕೆ ಕಾಲು

ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ತಲಕಾಡಿನ ಬಸ್ಸು ಕಾಯುತ್ತಿದ್ದ ಚೆಲುವರಾಜುವಿನ ಮುಂದೆಯೇ ಒಬ್ಬ ಸೊಸೆ ತನ್ನ ಸ್ಪೋರ್ಟ್ಸ್ ಬೈಕ್ ನಿಲ್ಲಿಸಿ, ಅತ್ತೆಯನ್ನು ಹತ್ತಲು ಕರೆದಳು.

“ಇದೇನವ್ವಾ, ಸೀಟು ಅಟ್ಟದಂಗದೆ! ಒಂದ್ಕಡೀಕೆ ಕೂತ್ಕತೀನಿ.”

“ಬ್ಯಾಡ ಅತ್ತೆ. ಗಾಳಿ ಸೀಳ್ಲಿ ಅಂತ್ಲೇ ಇದ್ರ ಮೂತಿ ಚೂಪು ಮಾಡವ್ರೆ. ನೀವು ಒಂದ್ಕಡೀಕೆ ಕೂತ್ರೆ ಗಾಳಿ ನಿಮ್ ಮಂಡೀಗೆ ಒಡ್ದು ಗಾಡಿ ವಾಲ್ತದೆ.”

“ಎರಡೂ ಕಡೀಕೆ ಕಾಲಾಕಿದ್ರೆ ಜನ ಆಡ್ಕತಾರೆ ಕಣವ್ವ.”

“ಆಡ್ಕಳ್ಳಿ ಬುಡಿ. ಗಾಡಿ ಓಡ್ಸೋಳು ನಾನು.”

ಅತ್ತೆ ನಾಟಿಗೆ ಇಳಿಯುವವರ ಹಾಗೆ ಸೀರೆ ಎತ್ತಿ ಕಟ್ಟಿ, ಸೊಸೆಯ ಹೆಗಲು ಹಿಡಿದು ಹತ್ತಿ ಕುಳಿತರು. ಚೆಲುವರಾಜು ಬಸ್ಸನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡಿದ.

ಬೈಕು ಹೊರಡುತ್ತಿದ್ದಂತೆ ಅತ್ತೆ ಅವನತ್ತ ತಿರುಗಿ ಕೂಗಿದರು:

“ಏನಪ್ಪಾ ಅಂಗ್ ನೋಡ್ತೀಯಾ? ನಿಮ್ಮಂತೋರ ಗದ್ದೇಲಿ ಇಂಗೇ ಕಟ್ಕಂಡು ನಾಟಿ ಆಕ್ದಾಗ ಯಾವನೂ ಸೊಲ್ಲೆತ್ನಿಲ್ಲ!”